ಮೂರು ತಿಂಗಳ ಮನೆಮಕ್ಕಳು

ಎರಡನೇ ಮಹಾಯುದ್ಧ ಮುಗಿದ ಮೇಲೂ ಫ್ರಾನ್ಸ್, ಆಸ್ಟ್ರಿಯಾ, ಜರ್ಮನಿಯ ಮಕ್ಕಳು ರೈಲಿನಲ್ಲಿ ಸ್ವಿಟ್ಜರ್ಲೆಂಡಿಗೆ ಬರುತ್ತಿದ್ದರು. ಕೊರಳಲ್ಲಿ ಹೆಸರಿನ ಚೀಟಿ, ಗಡಿಯಲ್ಲಿ ವೈದ್ಯರ ತಪಾಸಣೆ, ಆಮೇಲೆ ಸ್ವಿಸ್ ರೆಡ್‌ಕ್ರಾಸ್ ಗೊತ್ತುಮಾಡಿದ ಮನೆಯಲ್ಲಿ ಸಾಮಾನ್ಯವಾಗಿ 3 ತಿಂಗಳ ವಾಸ.

ಹೀಗೆ ಹಸಿದು ಬಂದ ಮಗುವನ್ನು ಯಾರೇ ಮನೆಯಲ್ಲಿಟ್ಟು ನೋಡಿಕೊಂಡರೂ, ದೊಡ್ಡ ತಪ್ಪು ಪ್ರೀತಿಯಿಂದಲೇ ಆಗುತ್ತದೆ. ಬಡಕಲಾದ ಮಗುವನ್ನು ಕಂಡ ಕೂಡಲೇ ತಟ್ಟೆ ತುಂಬ ಬೆಣ್ಣೆ, ಮಾಂಸ ಬಡಿಸುತ್ತಾರೆ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಕರುಳಿಗೆ ಅಷ್ಟು ಜಿಡ್ಡು ಒಗ್ಗದೆ ಭೇದಿ ಶುರುವಾಗುತ್ತದೆ. ತೀರಾ ಸೊರಗಿದ್ದರಂತೂ ಹೀಗೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಎಂಬ ಲವಣಗಳು ಕುಸಿದು ಜೀವಕ್ಕೇ ಅಪಾಯ. ಅಂಥ ಮಗು ವೈದ್ಯರ ಕಣ್ಗಾವಲಿನಲ್ಲೇ ಇರಬೇಕು. ಉಳಿದವರಿಗೆ ದಿನಕ್ಕೆ 5-6 ಸಲ, ಸ್ವಲ್ಪಸ್ವಲ್ಪವೇ ಕೊಟ್ಟು ನಿಧಾನವಾಗಿ ಹೆಚ್ಚಿಸಬೇಕು.

ದಿಂಬಿನಡಿ ಬ್ರೆಡ್ಡಿನ ಚೂರು ಸಿಕ್ಕರೆ ಬೈಯಬೇಡಿ, ಎಸೆಯಲೂ ಬೇಡಿ. ರಾತ್ರಿ ಹಾಸಿಗೆಯ ಪಕ್ಕ ನೀವೇ ಒಂದು ತುಂಡು ಇಡಿ. ಬೆಳಿಗ್ಗೆಯೂ ಊಟ ಸಿಗುತ್ತದೆಂಬ ನಂಬಿಕೆ ಬಂದಮೇಲೆ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ. ಹಾಸಿಗೆ ಒದ್ದೆಯಾದರೂ ಅಷ್ಟೇ: ಕೆಳಗೊಂದು ರಬ್ಬರ್ ಹಾಳೆ, ಸದ್ದಿಲ್ಲದೆ ಬದಲಿಸಿದ ಚಾದರ.

ಹೇನು ಹೋಗಲು ಒಂದೇ ದಿನ ಬಾಚಿದರೆ ಸಾಲದು. ಸೀರುಗಳು 7-10 ದಿನದಲ್ಲಿ ಒಡೆಯುವುದರಿಂದ ಒದ್ದೆ ಕೂದಲನ್ನು ಎರಡು ವಾರ, 3-4 ದಿನಕ್ಕೊಮ್ಮೆ ಸಣ್ಣ ಹಣಿಗೆಯಲ್ಲಿ ಬಾಚಬೇಕು.

ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಭಾಷೆ. ಯುದ್ಧಕಾಲದಲ್ಲಿ ಫಿನ್‌ಲೆಂಡಿನಿಂದ ಸ್ವೀಡನ್ನಿಗೆ ಹೋದ ಸುಮಾರು 70,000 ಮಕ್ಕಳಲ್ಲಿ ಎಷ್ಟೋ ಚಿಕ್ಕವರು ಮರಳಿದಾಗ ಹೆತ್ತ ತಾಯಿಯೊಡನೆ ಮಾತಾಡಲಾರದೆ ನಿಂತರು. ಆದ್ದರಿಂದ ವಾರಕ್ಕೊಂದು ಕಾಗದ ಮಗುವಿನ ಕೈಯಲ್ಲೇ, ಅದರ ನುಡಿಯಲ್ಲೇ ಬರೆಸಿ. ಅಣ್ಣತಂಗಿಯರನ್ನು ಬೇರೆಬೇರೆ ಮನೆಗೆ ಕಳಿಸಿದ್ದರೆ ಭಾನುವಾರವಾದರೂ ಸೇರಿಸಿ. ಅವರು ತಮ್ಮಲ್ಲೇ ಮಾತಾಡಿಕೊಳ್ಳಲಿ.