ಟ್ರಿವೇಂಡ್ರಮ್‌ನಲ್ಲಿ ಅಪ್ಪ ಮುಟ್ಟಿ ನೋಡಿದ ಗೋಡೆಗಳು

ನಮ್ಮಪ್ಪ ನಲವತ್ತು ವರ್ಷ ಹಾಸನದ ಸುತ್ತಮುತ್ತ ಗಾರೆ ಕೆಲ್ಸ ಮಾಡಿದೋರು, ಈಗ ಮಂಡಿ ನೋವು ಅಂತ ಬಿಟ್ಟಿದಾರೆ. ಯಾವ ಊರಿಗೆ ಕರ್ಕೊಂಡ್ ಹೋದ್ರೂ ಮೊದ್ಲು ಗೋಡೆ ಮುಟ್ಟಿ ನೋಡ್ತಾರೆ, ಆಮೇಲೆ ದೇವ್ರು. ಅದಕ್ಕೇ ಈ ಸಲ ರಜ ಸಿಕ್ಕಾಗ ಅವ್ರಿಗೆ, ಕಡಿಮೆ ಖರ್ಚಲ್ಲಿ ಕಟ್ಟೋದಕ್ಕೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ಕಟ್ಟಿದ್ ಬಿಲ್ಡಿಂಗ್ ತೋರಿಸ್ಬೇಕು ಅಂತ ಡಿಸೈಡ್ ಮಾಡಿ ಬೆಂಗಳೂರಲ್ಲಿ ರಾತ್ರಿ ಕನ್ಯಾಕುಮಾರಿ ಟ್ರೈನ್ ಹತ್ತಿದ್ವಿ. ಪಾಲಕ್ಕಾಡ್ ದಾಟೋ ಹೊತ್ತಿಗೆ ಎದ್ದು ಕೂತ ಅಪ್ಪ ಕಿಟಕೀಲಿ ತೆಂಗು ನೋಡ್ತಾ ಇರ್ಲಿಲ್ಲ, ಮನೆ ಸೂರು ನೋಡ್ತಾ ಇದ್ರು, "ಎಲ್ಲಾ ನಮ್ ಮಂಗ್ಳೂರ್ ಹೆಂಚೇ ಕಣವ್ವ" ಅಂತ.

ತಿರುವನಂತಪುರ ಸ್ಟೇಷನ್ ಇಂದ ಹೊರಗೆ ಬಂದ್ರೆ ತಂಪಾನೂರಲ್ಲಿ ಬಸ್ ಸ್ಟ್ಯಾಂಡ್ ಪಕ್ಕಾನೇ ಬೇಕರ್ ಕಟ್ಟಿದ್ ಇಂಡಿಯನ್ ಕಾಫಿ ಹೌಸ್, ಇಟ್ಟಿಗೆ ಕೆಂಪು ಬಣ್ಣದ ದುಂಡನೆ ಗೋಪುರ. ಮೆಟ್ಟಿಲೇ ಇಲ್ಲ ಒಳಗೆ. ನೆಲವೇ ಸುರುಳಿ ಸುತ್ಕೊಂಡು ಮೇಲಕ್ಕೆ ಏರ್ತಾ ಹೋಗುತ್ತೆ, ಆ ಇಳಿಜಾರಿನ ಉದ್ದಕ್ಕೂ ಹೊರಗೋಡೆಗೆ ಅಂಟಿಸ್ದಂಗೆ ಕಟ್ಟಿರೋ ಬೆಂಚು ಟೇಬಲ್ಲು, ಗೋಡೆ ತುಂಬಾ ಚೌಕ ಚೌಕ ತೂತು, ಗಾಳಿ ಬೆಳಕು ಅಲ್ಲಿಂದ್ಲೇ. ಅಪ್ಪ ಮಂಡಿ ನೋವು ಮರ್ತು ತುದಿವರೆಗೂ ಹತ್ತಿ ಇಳಿದು ಬಂದ್ರು. ನೆಲ ಇಳಿಜಾರು, ಆದ್ರೆ ಒಂದೊಂದ್ ಟೇಬಲ್ಲೂ ಮಟ್ಟ, ಲೋಟದಲ್ಲಿ ನೀರು ವಾಲಲ್ಲ, ಅದನ್ನ ಎರಡ್ ಮೂರ್ ಟೇಬಲ್ ಮೇಲೆ ಲೋಟ ಇಟ್ಟು ಟೆಸ್ಟ್ ಮಾಡಿದ್ರು. ಪೇಟ ಸುತ್ತಿದ್ ವೇಟರಣ್ಣ ಸುಮ್ನೆ ನಗ್ತಾ ನಿಂತಿದ್ರು. ಮಸಾಲೆ ದೋಸೆ ಬಂತು, ಪಲ್ಯ ಬೀಟ್‌ರೂಟ್ ಹಾಕಿ ಕೆಂಪಗಿತ್ತು, ನಮ್ ಕಡೆಯೋರಿಗೆ ಅಭ್ಯಾಸ ಇಲ್ಲದ್ದು, ಆದ್ರೆ ಚೆನ್ನಾಗಿತ್ತು. ಕಾಫಿ ಬೋರ್ಡ್ ತನ್ನ ಹೋಟೆಲ್ ಮುಚ್ಚಿದಾಗ ಕೆಲ್ಸ ಕಳ್ಕೊಂಡ ಕೆಲಸಗಾರ್ರೇ ಸೇರಿ ಕಟ್ಟಿದ್ ಸಹಕಾರ ಸಂಘಗಳದ್ದು ಈ ಕಾಫಿ ಹೌಸ್‌ಗಳು, ಅದ್ರಲ್ಲಿ ಮೊದಲ್ನೇ ಸಂಘ ಶುರುವಾಗಿದ್ದು 1957ರಲ್ಲಿ ನಮ್ ಬೆಂಗಳೂರಲ್ಲೇ. ಕೆಲಸಗಾರ್ರ ಹೋಟೆಲಿಗೆ ಇಷ್ಟ್ ಪ್ರೀತಿಯಿಂದ ಬಿಲ್ಡಿಂಗ್ ಮಾಡಿಕೊಟ್ಟಿದಾರಲ್ಲ ಅಂತ ನಂಗೆ ಅಲ್ಲೇ ಮನಸ್ಸು ತುಂಬ್ತು.

ರಾತ್ರಿ ಲಾಡ್ಜಲ್ಲಿ ಅಪ್ಪ ಕೇಳಿದ್ರು, ಈ ಬೇಕರ್ ಬಿಳಿಯೋರು ಅಲ್ವಾ, ಇಲ್ಲಿಗ್ಯಾಕ್ ಬಂದ್ರು ಅಂತ. ಗೊತ್ತಿದ್ದಷ್ಟು ಹೇಳ್ದೆ. ಹುಟ್ಟಿದ್ದು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ, ಆರ್ಕಿಟೆಕ್ಚರ್ ಓದಿದ್ದೂ ಅಲ್ಲೇ. ಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂತ ಆಂಬುಲೆನ್ಸ್ ತಂಡದ ಜೊತೆ ಚೀನಾಗೆ ಹೋಗಿ ಗಾಯಾಳುಗಳ ಸೇವೆ ಮಾಡಿದ್ರು, ವಾಪಸ್ ಊರಿಗೆ ಹೋಗೋಕೆ ಬಾಂಬೇಲಿ ಹಡಗಿಗೆ ಕಾಯ್ತಿದ್ದಾಗ ಗಾಂಧೀಜಿ ಸಿಕ್ಕಿದ್ರು. ಸುತ್ತ ಐದು ಮೈಲಿ ಒಳಗೆ ಸಿಗೋ ಸಾಮಾನಲ್ಲೇ ಮನೆ ಕಟ್ಬೇಕು ಅನ್ನೋ ಗಾಂಧೀಜಿ ಮಾತು ಇವ್ರ ತಲೇಲಿ ಕೊನೇವರೆಗೂ ಉಳೀತು. 1945ರಲ್ಲಿ ಮತ್ತೆ ಬಂದ್ರು, ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟೋ ಕೆಲ್ಸಕ್ಕೆ. ಕೇರಳದ ಡಾಕ್ಟರ್ ಎಲಿಜಬೆತ್ ಅವ್ರನ್ನ 1948ರಲ್ಲಿ ಮದ್ವೆ ಆಗಿ ಇಬ್ರೂ ಹಿಮಾಲಯದ ಪಿತೋರಗಢದಲ್ಲಿ ಹದ್ನೈದ್ ಹದ್ನಾರ್ ವರ್ಷ ಇದ್ರು, ಹೆಂಡ್ತಿ ಔಷಧಿ ಕೊಡೋದು, ಗಂಡ ಕಟ್ಟೋದು. ಕಾಲೇಜಲ್ಲಿ ಕಲ್ತಿದ್ದು ಅಲ್ಲಿ ಉಪಯೋಗಕ್ಕೆ ಬರ್ಲಿಲ್ಲ, ಆ ಬೆಟ್ಟದ ಜನ ಕಲ್ಲು ಮಣ್ಣಲ್ಲಿ ಹೆಂಗೆ ಕಟ್ತಾರೆ ನೋಡಿ ಹೊಸದಾಗಿ ಕಲ್ತ್ರು. ಇದನ್ನ ಕೇಳಿ ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಇಂಜಿನಿಯರ್ರು ನಮ್ಮನ್ ಕೇಳಿದ್ದು ನಾನ್ ನೋಡಿಲ್ಲ ಕಣವ್ವ" ಅಂದ್ರು.

ಮಾರನೇ ದಿನ ಉಳ್ಳೂರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್. ಗೇಟಲ್ಲಿ ಕೇಳ್ಕೊಂಡು ಒಳಗೆ ಹೋದ್ವಿ. 1970ರ ದಶಕದ ಶುರುವಲ್ಲಿ ಮುಖ್ಯಮಂತ್ರಿ ಅಚ್ಯುತ ಮೆನನ್ ಇದ್ದಾಗ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಶುರು ಮಾಡಿದ್ ಸಂಸ್ಥೆ, ಕ್ಯಾಂಪಸ್ ಕಟ್ಟೋಕೆ ಬೇಕರ್‌ನ ಕರೆದ್ರು. ಗುಡ್ಡದ ಮೇಲೆ ಲೈಬ್ರರಿ ಗೋಪುರ, ಅದ್ರಿಂದ ಕೆಳಗೆ ಬಿಲ್ಡಿಂಗ್‌ಗಳು ಗುಡ್ಡದ ಇಳಿಜಾರು ಹೆಂಗಿದ್ಯೋ ಹಂಗೇ ಇಳ್ಕೊಂಡ್ ಬಂದಿವೆ, ಮರ ಅಡ್ಡ ಬಂದ ಕಡೆ ಮರ ಕಡಿದಿಲ್ಲ, ಗೋಡೇನೇ ಬಳಸ್ಕೊಂಡು ಹೋಗಿದೆ. ಬರೀ ಇಟ್ಟಿಗೆ, ಪ್ಲಾಸ್ಟರಿಂಗ್ ಇಲ್ಲ. ಜಾಲಿ ಗೋಡೆ ತೂತಿಂದ ಬಿಸಿಲು ನೆಲದ ಮೇಲೆ ಚುಕ್ಕಿ ಚುಕ್ಕಿ ಬಿದ್ದಿತ್ತು, ಅಂಥಾ ಸೆಕೆಯಲ್ಲೂ ಒಳಗೆ ಸೆಕೆ ಅಷ್ಟ್ ಗೊತ್ತಾಗ್ಲಿಲ್ಲ.

ಅಪ್ಪ ಒಂದು ಗೋಡೆ ಹತ್ರ ಕೂತೇಬಿಟ್ರು. ಅಲ್ಲಿ ಇಟ್ಟಿಗೇನ ಮಲಗ್ಸಿಲ್ಲ, ಪಕ್ಕಕ್ಕೆ ನಿಲ್ಸಿ ಕಟ್ಟಿದಾರೆ, ಗೋಡೆ ದಪ್ಪ ಅದೇ ಒಂಬತ್ತು ಇಂಚು, ಆದ್ರೆ ನಡುವೆ ಟೊಳ್ಳು. ಇದಕ್ಕೆ ರ್‍ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ, ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತೆ, ಟೊಳ್ಳಲ್ಲಿರೋ ಗಾಳಿ ಬಿಸಿಲಿನ ಕಾವು ಒಳಗೆ ಬರೋಕ್ ಬಿಡಲ್ಲ. ಅಪ್ಪ ಬೆರಳಲ್ಲಿ ಸಂದು ಸವರ್ತಾ ಹೇಳಿದ್ರು, "ಪ್ಲಾಸ್ಟರ್ ಇದ್ರೆ ನಾವ್ ಎಷ್ಟೋ ತಪ್ಪು ಮುಚ್ಚಾಕ್ಬೋದು, ಇಲ್ಲಿ ಒಂದೊಂದ್ ಸಾಲೂ ಕಾಣುತ್ತೆ, ಇದನ್ ಕಟ್ಟಿದೋನ್ ಕೈ ದೊಡ್ಡದು." ಆ ಮೇಸ್ತ್ರಿ ಹೆಸ್ರು ಎಲ್ಲೂ ಬರ್ದಿಲ್ಲ. ಆದ್ರೆ ಬೇಕರ್ ತಾನೇ ಸೈಟಿಗೆ ಬಂದು ಮೇಸ್ತ್ರಿಗಳ ಜೊತೆ ನಿಂತು ಕೆಲ್ಸ ಮಾಡಿಸ್ತಿದ್ರು, ಒಂದು ಕಡೆ ಬಳಸಿದ್ ಪೇಪರಿನ ಹಿಂದೇನೇ ಪ್ಲಾನ್ ಬರೀತಿದ್ರು, ಅಂದಾಗ ಅಪ್ಪ ತಲೆ ಆಡಿಸಿದ್ರು.

ಫಿಲ್ಲರ್ ಸ್ಲ್ಯಾಬ್ ಅಂದ್ರೆ ಒಳಗೆ ಹೆಂಚು ತುಂಬಿದ ಮೋಲ್ಡ್ ಚಾವಣಿ, ಅದ್ರ ಬಗ್ಗೆ ನಾನು ವಿವರಿಸೋಕೆ ಹೋದ್ರೆ ಅಪ್ಪನೇ ಮುಂದೆ. ಮೋಲ್ಡ್ ಹಾಕಿದಾಗ ಕೆಳಗಿನ ಅರ್ಧದಲ್ಲಿ ಎಳೆತ ತಡ್ಕೊಳ್ಳೋದು ಕಂಬಿ, ಅಲ್ಲಿ ಕಾಂಕ್ರೀಟ್ ಸುಮ್ನೆ ಭಾರ. ಹಾಗಾಗಿ ಕಂಬಿ ನಡುವೆ ಹಳೇ ಮಂಗಳೂರು ಹೆಂಚು ಎರಡೆರಡು ಇಟ್ಟು ಮೇಲೆ ಕಾಂಕ್ರೀಟ್ ಹಾಕಿದ್ರೆ ಸಿಮೆಂಟ್ ಉಳೀತು, ಸ್ಲ್ಯಾಬ್ ಹಗುರ ಆಯ್ತು. ನಮ್ ಕರಾವಳೀಲಿ ಬಾಸೆಲ್ ಮಿಷನ್ ಕಾಲದಲ್ಲಿ ಶುರುವಾದ ಹೆಂಚು ಇಲ್ಲಿ ಬಡವರ ಮನೆ ಮೋಲ್ಡ್ ಒಳಗೆ ಸೇರ್ಕೊಂಡಿದೆ.

ಬಡವರ ಮನೆ ಅಂದ್ನಲ್ಲ, ನಂಗೆ ಬೇಕರ್ ಮೇಲೆ ಗೌರವ ಅದಕ್ಕೇ. ಮೀನುಗಾರರಿಗೆ, ಸ್ಲಮ್ಮಿನೋರಿಗೆ ಕಟ್ಟಿದಷ್ಟೇ ಶ್ರದ್ಧೆಯಿಂದ ದೊಡ್ಡ ಸಂಸ್ಥೆಗೂ ಕಟ್ಟಿದ್ರು, ಕೊಡೋ ದುಡ್ಡು ನೋಡಿ ಕೆಲ್ಸ ಅಳೀಲಿಲ್ಲ. 1985ರಲ್ಲಿ ಅಚ್ಯುತ ಮೆನನ್, ರಾಜ್ ಎಲ್ಲಾ ಸೇರಿ ಕಾಸ್ಟ್‌ಫೋರ್ಡ್ ಅನ್ನೋ ಸಂಸ್ಥೆ ಮಾಡಿ ಈ ವಿದ್ಯೆ ಬೇರೆಯೋರಿಗೂ ಕಲಿಸಿದ್ರು. ಆ ಹೊತ್ತಿಗೇ ಕೊಲ್ಲಂನಲ್ಲಿ ಶುರುವಾದ ನಿರ್ಮಿತಿ ಕೇಂದ್ರಾನೂ ಇದೇ ರೀತಿ ಕಡಿಮೆ ಖರ್ಚಲ್ಲಿ ಕಟ್ಟೋದನ್ನೇ ಹಿಡೀತು, ಈಗ ನಮ್ ಜಿಲ್ಲೆಗಳಲ್ಲೂ ನಿರ್ಮಿತಿ ಕೇಂದ್ರ ಇದೆಯಲ್ಲ, ಅದ್ರ ಬೇರು ಅಲ್ಲಿದೆ. ಬೇಕರ್‌ಗೆ 1990ರಲ್ಲಿ ಪದ್ಮಶ್ರೀ ಬಂತು, 2007ರ ಏಪ್ರಿಲ್ 1ಕ್ಕೆ ತೀರ್ಕೊಂಡ್ರು, ತೊಂಬತ್ತು ವರ್ಷ.

ನಾಲಾಂಚಿರದಲ್ಲಿ ಅವ್ರೇ ಕಟ್ಕೊಂಡಿದ್ ಮನೆ ಹ್ಯಾಮ್ಲೆಟ್ ಇದೆ, ಬಂಡೆಗಲ್ಲಿನ ಇಳಿಜಾರಲ್ಲಿ. ಮೊದ್ಲು ಒಂದು ಗುಡಿಸಲಷ್ಟೇ ಇದ್ದಿದ್ದು, ಆಮೇಲೆ ಬೇಕಾದಾಗೆಲ್ಲಾ ಬೆಳೆದು ದೊಡ್ಡದಾಗಿದ್ದು. ಯಾರ್ದೋ ಮನೆಗೆ ಹೇಳ್ದೆ ನುಗ್ಗೋದು ಸರಿ ಇಲ್ಲ ಅಂತ ರಸ್ತೇಲೇ ನಿಂತು ನೋಡಿ ಬಂದ್ವಿ.

ವಾಪಸ್ ಟ್ರೈನಲ್ಲಿ ಅಪ್ಪ ನನ್ ಪೆನ್ನು ಇಸ್ಕೊಂಡು ಲಾಡ್ಜಿನ ಬಿಲ್ ಹಿಂದೆ ಇಟ್ಟಿಗೆ ಸಾಲು ಬರೀತಾ ಕೂತ್ರು, ಮೂಲೆ ಹೆಂಗೆ ತಿರುಗ್ಸೋದು ಅನ್ನೋದಷ್ಟೇ ಅವ್ರಿಗೆ ಬಗೆಹರೀಲಿಲ್ಲ. ನಮ್ ಕಡೆ ಗೂಡಿನ ಇಟ್ಟಿಗೆ ಒಂದೇ ಅಳತೆ ಇರಲ್ಲ, ಇದಕ್ಕೆ ಆರಿಸಿ ತರ್ಬೇಕು ಅಂದ್ರು. ಎರೋಡ್ ಹತ್ರ ನಂಗೆ ನಿದ್ದೆ ಬಂತು. ಎದ್ದಾಗ ಬಿಲ್ಲಿನ ಎರಡೂ ಕಡೆ ತುಂಬಿತ್ತು, ಅಪ್ಪ ಫೋನಲ್ಲಿ ಹಳೇ ಜೊತೆಗಾರ್ರಿಗೆ ಹೇಳ್ತಾ ಇದ್ರು, ಹಿತ್ತಲಲ್ಲಿ ಒಂದ್ ಮಾರು ಗೋಡೆ ಕಟ್ಟಿ ನೋಡಣ, ಭಾನ್ವಾರ ಬಾ ಅಂತ.