ದಸರಾ ರಜೆಗೆ ಮೂರು ಸಂಜೆಯ ಸಿನಿಮಾ

ದಸರಾಕ್ಕೆ ಮೈಸೂರಿನ ಮನೆಯಲ್ಲಿ ನೆಂಟರೆಲ್ಲ ಸೇರಿದಾಗ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರು ಸಿನಿಮಾ ಹಾಕುವುದಾದರೆ, ಮೂರನ್ನೂ ಒಂದೇ ದಿನ ನೋಡಬೇಡಿ. ಥಿಯೇಟರ್ ಆವೃತ್ತಿಗಳೇ 178, 179, 201 ನಿಮಿಷ. ಸಂಜೆಗೊಂದು ಸಾಕು. ಎರಡನೆಯದರ ಕೋಟೆ ಕಾಳಗ ಮಳೆ ಸುರಿಯುವ ರಾತ್ರಿಯದು. ಕೋಣೆಯ ಲೈಟ್ ಆರಿಸದಿದ್ದರೆ ಬರೀ ಕಪ್ಪು ಕಾಣುತ್ತದೆ. ಚಲನೆಯನ್ನು ಅತಿಯಾಗಿ ನಯ ಮಾಡುವ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿ ತರ ಕಾಣುತ್ತದೆ. ಯುದ್ಧದ ಸದ್ದಿನಲ್ಲಿ ಮಾತು ಮುಳುಗುತ್ತದೆ, ಸಬ್‌ಟೈಟಲ್ ಇರಲಿ.

ಕತ್ತಿವರಸೆಗಿಂತ ನನ್ನನ್ನು ಹಿಡಿದು ಕೂರಿಸುವುದು ಮೂರನೆಯದರ ಬೆಟ್ಟದ ದೃಶ್ಯ. ಕೆಡುಕಿನ ಉಂಗುರವನ್ನು ನಾಶಮಾಡಲು ಹೊತ್ತು ತಂದ ಫ್ರೋಡೊ ಕುಸಿದಿದ್ದಾನೆ. ಉಂಗುರದ ಹೊರೆ ಅವನ ತೋಟದಾಳು ಸ್ಯಾಮ್ ಹೊರುವಂಥದ್ದಲ್ಲ. ಅದಕ್ಕೇ ಹೊತ್ತವನನ್ನೇ ಹೆಗಲಿಗೇರಿಸಿಕೊಂಡು ಹತ್ತುತ್ತಾನೆ. ವಾಪಸ್ ಊರು ಸೇರುವ ಆಸೆ ಬಿಟ್ಟಾಗಿದೆ, ಆದರೂ ಕಾಲು ನಿಲ್ಲುವುದಿಲ್ಲ. ರಾಜರಿಗಿಂತ ಈ ತೋಟದಾಳಿನ ಧೈರ್ಯವೇ ದೊಡ್ಡದು. ಆಗ ಯಾರೂ ಕಾಫಿಗೆಂದು ಏಳದಂತೆ ಬ್ರೇಕ್ ಮೊದಲೇ ಕೊಟ್ಟುಬಿಡಿ.