ಮೋಡ ಸರಿದಾಗ ಕೊಳವೆಗೆ ಏನಾಗುತ್ತದೆ

ಸೌರ ಉಷ್ಣ ವಿದ್ಯುತ್ ಸ್ಥಾವರಗಳ ಮಿಶ್ರಲೋಹಗಳ ಮಾತು ಬಂದಾಗಲೆಲ್ಲ, ‘ಇದು ಎಷ್ಟು ಡಿಗ್ರಿ ತಡೆಯುತ್ತದೆ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಬೆಂಗಳೂರಿನ ಪರೀಕ್ಷಾಲಯವೊಂದರಲ್ಲಿ ಇಂಥ ಲೋಹಗಳೊಡನೆ ದಿನ ಕಳೆಯುವ ನನಗೆ, ಅದು ದಿನಕ್ಕೆ ಎಷ್ಟು ಬಾರಿ ಕಾದು ತಣಿಯುತ್ತದೆ ಎಂಬುದು ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಗೋಪುರ ಮಾದರಿಯ ಸ್ಥಾವರದಲ್ಲಿ ಸಾವಿರಾರು ಕನ್ನಡಿಗಳು ಬಿಸಿಲನ್ನು ಗೋಪುರದ ತುದಿಯ ರಿಸೀವರ್‌ಗೆ ಎಸೆಯುತ್ತವೆ. ಅಲ್ಲಿನ ಕೊಳವೆಗಳಲ್ಲಿ ಹರಿಯುವ, 60 ಪಾಲು ಸೋಡಿಯಂ ನೈಟ್ರೇಟ್ ಮತ್ತು 40 ಪಾಲು ಪೊಟ್ಯಾಸಿಯಂ ನೈಟ್ರೇಟ್ ಬೆರೆತ ಕರಗಿದ ಲವಣ 290 ಡಿಗ್ರಿಯಲ್ಲಿ ಒಳಬಂದು 565 ಡಿಗ್ರಿಯಲ್ಲಿ ಹೊರಹೋಗುತ್ತದೆ. 600 ಡಿಗ್ರಿ ಸಮೀಪಿಸಿದರೆ ಈ ಲವಣವೇ ಒಡೆಯತೊಡಗುವುದರಿಂದ ಲೋಹಕ್ಕೆ ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಸೋಲಾರ್ ಟೂ ಸ್ಥಾವರದ ರಿಸೀವರ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲೇ ನಡೆಯಿತು. ಈಗಿನ ಗುರಿ ಬೇರೆ: ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಯೋಗ ನಡೆದಿರುವ ಸೂಪರ್‌ಕ್ರಿಟಿಕಲ್ (ಹೆಚ್ಚಿನ ಒತ್ತಡ, ತಾಪಗಳಲ್ಲಿ ದ್ರವವೂ ಅನಿಲವೂ ಅಲ್ಲದ ಸ್ಥಿತಿಯ) ಇಂಗಾಲದ ಡೈಆಕ್ಸೈಡ್ ಟರ್ಬೈನ್‌ನಿಂದ ಪೂರ್ಣ ಲಾಭ ಪಡೆಯಬೇಕಾದರೆ 700 ಡಿಗ್ರಿಯ ಮೇಲೆ, 200 ಬಾರ್ ದಾಟಿದ ಒತ್ತಡದಲ್ಲಿ ಕೊಳವೆಗಳು ನಿಲ್ಲಬೇಕು.

ಅಲ್ಲಿ ನಿಕ್ಕಲ್ ಮಿಶ್ರಲೋಹಗಳಿಗೆ ಸುಲಭದ ಬದಲಿಯಿಲ್ಲ. ಅಂಥದ್ದೊಂದಾದ ಇನ್ಕೊನೆಲ್ 740ಎಚ್‌ನಲ್ಲಿ ಸುಮಾರು 25 ಪ್ರತಿಶತ ಕ್ರೋಮಿಯಂ, 20 ಪ್ರತಿಶತ ಕೋಬಾಲ್ಟ್ ಇರುತ್ತವೆ. ಅಲ್ಪ ಪ್ರಮಾಣದ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ನಿಕ್ಕಲ್‌ನೊಂದಿಗೆ ಸೇರಿ ಕಟ್ಟುವ ಅತಿ ಸೂಕ್ಷ್ಮ ಕಣಗಳು ಲೋಹದೊಳಗಿನ ಜಾರುವಿಕೆಯನ್ನು ತಡೆಯುತ್ತವೆ. ಬಿಸಿಯಲ್ಲಿ ಭಾರ ಹೊತ್ತ ಲೋಹ ಈ ಜಾರುವಿಕೆಯಿಂದ ನಿಧಾನವಾಗಿ ಆಕಾರ ಬದಲಿಸುವುದೇ ಕ್ರೀಪ್. ಕುಲುಮೆಯೊಳಗೆ ತೂಕ ಕಟ್ಟಿಸಿಕೊಂಡು ನಿಂತ ಕಡ್ಡಿ, ಬಟ್ಟೆಯ ಭಾರಕ್ಕೆ ವರ್ಷಗಟ್ಟಲೆ ಇಳಿಬೀಳುವ ತಂತಿಯ ಹಾಗೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಉದ್ದವಾಗುತ್ತದೆ. ವಿನ್ಯಾಸಕ್ಕೆ ಬೇಕಾದದ್ದು 1,00,000 ಗಂಟೆಗಳ, ಅಂದರೆ ಹನ್ನೊಂದು ವರ್ಷಕ್ಕೂ ಮಿಕ್ಕಿದ ಬಾಳಿಕೆಯ ಲೆಕ್ಕ. ಅಷ್ಟು ಕಾಯಲು ಯಾರಿಗೂ ಪುರುಸೊತ್ತಿಲ್ಲವಾದ್ದರಿಂದ, ಹೆಚ್ಚು ಬಿಸಿಯಲ್ಲಿ ಕಡಿಮೆ ಕಾಲ ಪರೀಕ್ಷಿಸಿ ಮುಂದಿನದನ್ನು ಅಂದಾಜಿಸುತ್ತೇವೆ.

ಆದರೆ ಸೂರ್ಯ ಕುಲುಮೆಯಂತೆ ಒಂದೇ ಸಮ ಉರಿಯುವವನಲ್ಲ. ಮೋಡವೊಂದು ಕನ್ನಡಿಗಳ ಮೇಲೆ ನೆರಳು ಹಾಕಿದ ಕೂಡಲೇ ಕೊಳವೆಯ ಬಿಸಿಲ ಮುಖ ಥಟ್ಟನೆ ತಣಿಯುತ್ತದೆ. ಹಿಂಬದಿ ಮೊದಲಿನಿಂದಲೂ ತಂಪಾಗಿಯೇ ಇರುತ್ತದೆ. ಮೋಡ ಸರಿದು ಬಿಸಿಲು ಮರಳಿದಾಗ, ಹಿಗ್ಗಲು ಹೊರಟ ಮುಂಭಾಗವನ್ನು ಹಿಗ್ಗದ ಹಿಂಭಾಗ ಹಿಡಿದೆಳೆಯುತ್ತದೆ. ದಿನಕ್ಕೊಂದೇ ಬಾರಿ ಎಂದು ಹಿಡಿದರೂ ಮೂವತ್ತು ವರ್ಷಗಳಿಗೆ ಹತ್ತು ಸಾವಿರ ಮೀರುವ ಈ ಏರಿಳಿತದ ದಣಿವು ಕ್ರೀಪ್‌ನೊಂದಿಗೆ ಕೂಡಿದಾಗ, ಪ್ರತ್ಯೇಕ ಪರೀಕ್ಷೆಗಳು ಹೇಳುವುದಕ್ಕಿಂತ ಬೇಗ ಬಿರುಕು ಹುಟ್ಟಬಹುದು.

ಆ ಬಿರುಕು ಹೆಚ್ಚಾಗಿ ಹುಟ್ಟುವುದು ಬೆಸುಗೆಯಲ್ಲಿ. 740ಎಚ್‌ನ ಬೆಸುಗೆಗೆ ಮೂಲ ಲೋಹದ ಶೇಕಡ 70ರಷ್ಟು ಕ್ರೀಪ್ ಬಲವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಈ ಮಿಶ್ರಲೋಹದ ಹಟಮಾರಿತನ ಪೀಣ್ಯದ ಲೇತ್ ಮುಂದೆ ನಿಂತರೂ ತಿಳಿಯುತ್ತದೆ: ಕೊರೆಯುತ್ತಿದ್ದಂತೆ ಲೋಹದ ಮೇಲ್ಮೈ ಮತ್ತಷ್ಟು ಗಟ್ಟಿಯಾಗುತ್ತದೆ, ಕೊರೆಯುವ ಉಪಕರಣದ ಟಿಪ್ಪಿನ ಅಂಚು ಬೇಗನೆ ಮೊಂಡಾಗುತ್ತದೆ, ಸ್ಟೀಲ್‌ಗೆ ಹೇಳಿದ ದರಕ್ಕೆ ಯಾರೂ ಮಾದರಿ ಕಡ್ಡಿ ತಿರುವಿ ಕೊಡುವುದಿಲ್ಲ.

ಕಲ್ಲಿದ್ದಲಿನ ಅತ್ಯುನ್ನತ ತಾಪದ ಬಾಯ್ಲರ್‌ಗಳಿಗಾಗಿ ನಮ್ಮ ದೇಶದಲ್ಲೇ 617ಎಂ ಎಂಬ ಇನ್ನೊಂದು ನಿಕ್ಕಲ್ ಮಿಶ್ರಲೋಹದ ಕೊಳವೆಗಳನ್ನು ತಯಾರಿಸಲಾಗಿದೆ. ಅವನ್ನು ಸೌರ ಗೋಪುರಕ್ಕೂ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಬಾಯ್ಲರ್ ವಾರಗಟ್ಟಲೆ ನಿಲ್ಲದೆ ಉರಿಯಬಲ್ಲದ್ದು, ಆದ್ದರಿಂದ ಅದಕ್ಕಾಗಿ ಕಲೆಹಾಕಿದ ಅಂಕಿಅಂಶಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಬೆಸುಗೆ ಹಾಕಿದ ಕಡ್ಡಿಗಳನ್ನೇ, ನಡುನಡುವೆ ಬಿಸಿಯಲ್ಲಿ ತಡೆದು ನಿಲ್ಲಿಸುತ್ತ, ಎಳೆದು ಬಿಡುವ ಪರೀಕ್ಷೆಗಳು ಮೊದಲು ಆಗಬೇಕು.